351 ರೂಪಾಯಿ ಕನಿಷ್ಠ ದರ ಇದ್ದರೂ ಅಗ್ಗದ ಅಡಿಕೆ ಬರುವುದು ಹೇಗೆ? ಡಬ್ಲ್ಯುಟಿಒಗೆ ಹೋದರೆ ಸಿಗುವುದೇನು?

ಪ್ರಶ್ನೆ: “ನಮ್ಮದು ಚನ್ನಗಿರಿ ತಾಲ್ಲೂಕು, ನಾಲ್ಕು ಎಕರೆ ಅಡಿಕೆ ತೋಟ. ರಾಶಿ (ಕೆಂಪಡಿಕೆ) ದರ ಸ್ವಲ್ಪ ಏರಿತು ಅನ್ನುವಷ್ಟರಲ್ಲಿ ‘ಹೊರಗಿನ ಮಾಲು ಬಂದಿದೆ’ ಅಂತ ಮಂಡಿಯಲ್ಲಿ ದರ ಇಳಿಸುತ್ತಾರೆ. ಕೆಜಿಗೆ 351 ರೂಪಾಯಿಗಿಂತ ಕಡಿಮೆ ಬೆಲೆಯ ಅಡಿಕೆ ದೇಶದೊಳಗೆ ಬರುವಂತಿಲ್ಲ ಅಂತ ಆದೇಶ ಇದೆಯಂತೆ. ಆದರೂ ಬರುವುದು ಹೇಗೆ? ಶ್ರೀಲಂಕಾ, ಇಂಡೊನೇಷ್ಯಾ ಮೇಲೆ ಡಬ್ಲ್ಯುಟಿಒ ಕೋರ್ಟಿನಲ್ಲಿ ಕೇಸು ಹಾಕಿ ಎರಡು ವರ್ಷದ ನಷ್ಟ ಕಟ್ಟಿಸಿಕೊಳ್ಳಲು ನಮ್ಮ ಬೆಳೆಗಾರರ ಸಂಘಕ್ಕೆ ಆಗುತ್ತದೆಯೇ? ಆ ಕೋರ್ಟೇ ಬಾಗಿಲು ಹಾಕಿದೆ, ಭಾರತ ಅದರಿಂದ ಹೊರಬಂದರೆ ಎಲ್ಲ ಸರಿಹೋಗುತ್ತದೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ನಾವು ಸರ್ಕಾರದ ಹತ್ತಿರ ಏನು ಕೇಳಬೇಕು, ತಿಳಿಸಿ.”

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳು ಸೇರಿಕೊಂಡಿವೆ. ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಡಬ್ಲ್ಯುಟಿಒದಲ್ಲಿ, ಅಂದರೆ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ, ನಿಮ್ಮ ಸಂಘ ಕೇಸು ಹಾಕಲಾಗದು, ಅಲ್ಲಿ ಸರ್ಕಾರಗಳಿಗೆ ಮಾತ್ರ ಪ್ರವೇಶ. ಕಳೆದ ವರ್ಷಗಳ ನಷ್ಟವನ್ನು ಆ ವ್ಯವಸ್ಥೆ ಯಾರಿಗೂ ಕಟ್ಟಿಸಿಕೊಡುವುದಿಲ್ಲ. ಕೋರ್ಟು ಮುಚ್ಚಿದೆ ಅನ್ನುವುದು ಅರ್ಧ ನಿಜ. ಹೊರಬಂದರೆ ಸರಿಹೋಗುತ್ತದೆ ಅನ್ನುವುದು ಪೂರಾ ತಪ್ಪು, ಏಕೆಂದರೆ ನಿಮ್ಮ ದರ ಕೆಡಿಸುತ್ತಿರುವ ಅಡಿಕೆ ಡಬ್ಲ್ಯುಟಿಒ ನಿಯಮದ ದಾರಿಯಲ್ಲಿ ಬರುತ್ತಿಲ್ಲ. ಅದು ಬರುವುದು ಮೂಲದೇಶದ ಸುಳ್ಳು ಪ್ರಮಾಣಪತ್ರ, ಸುಳ್ಳು ಬಿಲ್ಲು ಮತ್ತು ಗಡಿಯ ಕಾಲುದಾರಿಗಳಲ್ಲಿ. ನಿಯಮ ಜಾರಿಯ ಕಷ್ಟ ಡಬ್ಲ್ಯುಟಿಒ ಕಚೇರಿ ಇರುವ ಜಿನೀವಾದಲ್ಲೂ ಇದೆ. ನಿಮಗೆ ತಟ್ಟುತ್ತಿರುವುದು ಮಾತ್ರ ಬಂದರಿನಲ್ಲಿ ಮತ್ತು ಗೋದಾಮಿನಲ್ಲಿ ಇರುವ ಕಷ್ಟ.

351ರ ಲೆಕ್ಕದಿಂದ ಶುರು ಮಾಡೋಣ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ 2017ರಲ್ಲಿ 251 ರೂಪಾಯಿ ಇದ್ದ ಕನಿಷ್ಠ ಆಮದು ದರವನ್ನು 2023ರ ಫೆಬ್ರುವರಿಯಲ್ಲಿ 351ಕ್ಕೆ ಏರಿಸಿತು. ಇದು ಸಿಐಎಫ್ ದರ, ಅಂದರೆ ಸರಕಿನ ಬೆಲೆ, ವಿಮೆ ಮತ್ತು ಹಡಗು ಬಾಡಿಗೆ ಸೇರಿ ನಮ್ಮ ಬಂದರಿಗೆ ಬರುವ ಹೊತ್ತಿನ ಬೆಲೆ. ಅದಕ್ಕಿಂತ ಕಡಿಮೆ ಬೆಲೆ ಬರೆದಿದ್ದರೆ ಆಮದೇ ನಿಷಿದ್ಧ. ಇದರ ಮೇಲೆ ಅಡಿಕೆಗೆ ಮೂಲ ಸೀಮಾಸುಂಕ ಶೇ 100. ಉಳಿದ ತೆರಿಗೆ ಬಿಟ್ಟರೂ 351ಕ್ಕೆ ಇನ್ನೊಂದು 351 ಸೇರಿ ಕೆಜಿಗೆ 702 ರೂಪಾಯಿ, ಕ್ವಿಂಟಲ್‌ಗೆ 70,200. ಈ ಬೆಲೆಗೆ ತಂದು ಗುಟ್ಕಾ ಕಂಪನಿಗೆ ಮಾರಿ ಲಾಭ ಮಾಡುವವರು ಸಾಮಾನ್ಯ ವರ್ಷದಲ್ಲಿ ಯಾರೂ ಇಲ್ಲ. ಆದ್ದರಿಂದ ನಮ್ಮ ರಾಶಿಗಿಂತ ಅಗ್ಗಕ್ಕೆ ಸಿಗುವ ವಿದೇಶಿ ಅಡಿಕೆ ಎಲ್ಲೇ ಕಂಡರೂ ಅದು ಸುಂಕ ವಿನಾಯಿತಿಯ ದಾರಿಯಲ್ಲಿ ಬಂದಿರಬೇಕು, ಇಲ್ಲವೇ ಕಾಗದದಲ್ಲಿ ಬೇರೆ ಸರಕಾಗಿ ಬಂದಿರಬೇಕು, ಅದೂ ಇಲ್ಲವಾದರೆ ಕಾಗದವೇ ಇಲ್ಲದೆ ಬಂದಿರಬೇಕು.

ಸುಂಕ ವಿನಾಯಿತಿಯ ದಾರಿ ಮುಖ್ಯವಾದದ್ದು. ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದಕ್ಕೆ 1998ರ ಡಿಸೆಂಬರ್‌ನಲ್ಲಿ ಸಹಿ ಬಿದ್ದು 2000ದ ಮಾರ್ಚ್‌ನಿಂದ ಜಾರಿಯಲ್ಲಿದೆ. ಸಾರ್ಕ್ ದೇಶಗಳ ಸಾಫ್ಟಾ (ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ) ಒಪ್ಪಂದ 2006ರದು. ಇವುಗಳ ಅಡಿಯಲ್ಲಿ ಬರುವ ಸರಕಿಗೆ ಸುಂಕವಿಲ್ಲ ಅಥವಾ ರಿಯಾಯಿತಿ ಇದೆ. ಷರತ್ತು ಒಂದೇ: ಸರಕು ಆ ದೇಶದ್ದೇ ಆಗಿರಬೇಕು. ಅಡಿಕೆಯಂಥ ಕೃಷಿ ಉತ್ಪನ್ನವಾದರೆ ಆ ನೆಲದಲ್ಲೇ ಬೆಳೆದಿರಬೇಕು. ಇಂಡೊನೇಷ್ಯಾದಿಂದ ತಂದು ಕೊಲಂಬೊದಲ್ಲಿ ಚೀಲ ಬದಲಿಸಿದರೆ, ಒಣಗಿಸಿದರೆ, ಹೋಳು ಮಾಡಿದರೆ ಅದು ಶ್ರೀಲಂಕಾದ ಅಡಿಕೆ ಆಗುವುದಿಲ್ಲ. ನಿಯಮದಲ್ಲಿ ಗೊಂದಲವಿಲ್ಲ. ಆದರೆ ಅಲ್ಲಿನ ಇಲಾಖೆ ಕೊಟ್ಟ ಮೂಲ ಪ್ರಮಾಣಪತ್ರ ಕೈಯಲ್ಲಿದ್ದರೆ ನಮ್ಮ ಬಂದರಿನ ಅಧಿಕಾರಿ ಮೊದಲ ನೋಟಕ್ಕೆ ಅದನ್ನು ನಂಬಬೇಕಾಗುತ್ತದೆ.

ಇಲ್ಲಿ ಕನಿಷ್ಠ ದರ ಒಂದು ವಿಚಿತ್ರ ಕೆಲಸ ಮಾಡುತ್ತದೆ. ಸಾಮಾನ್ಯ ಕಳ್ಳ ಆಮದುದಾರ ಸುಂಕ ಉಳಿಸಲು ಬೆಲೆ ಕಡಿಮೆ ಬರೆಯುತ್ತಾನೆ. ಅಡಿಕೆಯಲ್ಲಿ ಜಾಸ್ತಿ ಬರೆಯುತ್ತಾರೆ. ಲೆಕ್ಕಕ್ಕೆ, ಅಡಿಕೆಯ ನಿಜವಾದ ಬೆಲೆ 200 ರೂಪಾಯಿ ಅಂದುಕೊಳ್ಳಿ. ಬಿಲ್ಲಿನಲ್ಲಿ 351 ಅಥವಾ 355 ಬರೆಸಿ, ಬ್ಯಾಂಕಿನ ಮೂಲಕ ಅಷ್ಟನ್ನೂ ಕಳುಹಿಸಿ, ಮೇಲಿನ ಸುಮಾರು 150 ರೂಪಾಯಿಯನ್ನು ಹವಾಲಾದಲ್ಲಿ ವಾಪಸ್ ತರಿಸಿಕೊಂಡರೆ ಆಯಿತು. ಸುಂಕ ಸೊನ್ನೆ, ಷರತ್ತು ಪಾಲನೆಯಾಗಿದೆ, ಅಡಿಕೆ ಬಿದ್ದಿರುವುದು 200ಕ್ಕೇ. ಕಸ್ಟಮ್ಸ್ ಮೌಲ್ಯಮಾಪನ ನಿಯಮಗಳು 2007ರ 12ನೇ ನಿಯಮದಲ್ಲಿ ಬರೆದ ಬೆಲೆಯನ್ನು ಅನುಮಾನಿಸಿ ತಿರಸ್ಕರಿಸುವ ಅಧಿಕಾರ ಇದೆ. ಆದರೆ ಜಾಸ್ತಿ ಬರೆದಿದ್ದಾರೆ ಅಂತ ಸಾಬೀತುಪಡಿಸಲು ಹೊರದೇಶದ ಬ್ಯಾಂಕು, ಹೊರದೇಶದ ಮಾರಾಟಗಾರ, ಹೊರದೇಶದ ರಫ್ತು ದಾಖಲೆ ಬೇಕು. ಅವು ಸಿಗುವ ಹೊತ್ತಿಗೆ ಆ ಅಡಿಕೆ ನಾಗಪುರದಲ್ಲೋ ಕಾನ್ಪುರದಲ್ಲೋ ಪುಡಿಯಾಗಿ ಪೊಟ್ಟಣ ಸೇರಿರುತ್ತದೆ.

ಎರಡನೆಯ ದಾರಿ ಹೆಸರು ಬದಲಿಸುವುದು. ಸೀಮಾಸುಂಕದ ಪಟ್ಟಿಯಲ್ಲಿ ಅಡಿಕೆ 8ನೇ ಅಧ್ಯಾಯದಲ್ಲಿದೆ, ಸಂಕೇತ 0802 80. ಅದನ್ನೇ ‘ಹುರಿದ ಅಡಿಕೆ’ ಅಂದರೆ 20ನೇ ಅಧ್ಯಾಯಕ್ಕೆ ಹೋಗುತ್ತದೆ. ಅಲ್ಲಿ ಸುಂಕ ಬಹಳ ಕಡಿಮೆ, ಕನಿಷ್ಠ ದರದ ಷರತ್ತೂ ಇರಲಿಲ್ಲ. ಒಣಗಿಸಿದ್ದೋ ಹುರಿದದ್ದೋ ಅನ್ನುವ ಜಗಳ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ನಡೆಯಿತು. ಕೊನೆಗೆ 2025ರ ಏಪ್ರಿಲ್‌ನಲ್ಲಿ ಹುರಿದ ಅಡಿಕೆಗೂ 351ರ ಷರತ್ತು ವಿಸ್ತರಿಸಿದರು. ಆ ಕಿಂಡಿ ಬಹುಮಟ್ಟಿಗೆ ಮುಚ್ಚಿದೆ ಅನ್ನಬಹುದು, ಸುಂಕದ ವ್ಯತ್ಯಾಸ ಮಾತ್ರ ಉಳಿದಿದೆ. ಇನ್ನೊಂದು ಕಿಂಡಿ ವಿಶೇಷ ಆರ್ಥಿಕ ವಲಯ, ಶೇ 100 ರಫ್ತು ಘಟಕ ಮತ್ತು ಮುಂಗಡ ಪರವಾನಗಿಯದು. ಮರುರಫ್ತಿಗೆಂದು ತರುವವರಿಗೆ ಕನಿಷ್ಠ ದರ ಅನ್ವಯಿಸುವುದಿಲ್ಲ. ಒಳಗೆ ಬಂದದ್ದೆಷ್ಟು, ಹೊರಗೆ ಹೋದದ್ದೆಷ್ಟು ಎಂದು ಯಾರಾದರೂ ತೂಗಿ ನೋಡಿದರೆ ಮಾತ್ರ ಆ ಷರತ್ತಿಗೆ ಬೆಲೆ.

ಮೂರನೆಯದು ನೇರ ಕಳ್ಳಸಾಗಣೆ: ಮ್ಯಾನ್ಮಾರ್ ಗಡಿಯಿಂದ ಮಿಜೋರಾಂ, ಅಸ್ಸಾಂ ಮೂಲಕ ಲಾರಿಯಲ್ಲಿ, ಅಥವಾ ಬೇರೆ ಸರಕಿನ ಹೆಸರು ಬರೆದ ಕಂಟೈನರ್‌ನಲ್ಲಿ. ಇದರ ಬಗ್ಗೆ ಪತ್ರಿಕೆಗಳಲ್ಲಿ ನೀವು ಓದಿಯೇ ಇರುತ್ತೀರಿ.

ಭೂತಾನಿನ ವಿಷಯ ನೀವು ಕೇಳಿಲ್ಲ, ಆದರೂ ನಮ್ಮ ಕಡೆ ಅದೇ ದೊಡ್ಡ ಸುದ್ದಿಯಾದ್ದರಿಂದ ಒಂದು ಮಾತು. 2022ರ ಸೆಪ್ಟೆಂಬರ್ ಆದೇಶದಂತೆ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಜೈಗಾಂವ್ ಗಡಿಠಾಣೆ ಮೂಲಕ ಕನಿಷ್ಠ ದರದ ಷರತ್ತಿಲ್ಲದೆ ತರಬಹುದು. ಸಂಖ್ಯೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಅದು ಸಿಪ್ಪೆ ಸಮೇತದ ಹಸಿ ತೂಕ. ನೂರು ಕೆಜಿ ಹಸಿಗೆ ಒಣಗಿದ್ದು ಎಷ್ಟು ಬರುತ್ತದೆಂದು ಖೇಣಿ (ತೋಟದ ಫಸಲಿನ ಗುತ್ತಿಗೆ) ಮಾತಾಡುವಾಗ ನೀವೇ ಲೆಕ್ಕ ಹಾಕುತ್ತೀರಿ. ಕಾಯಿಯ ಬಲಿತ ನೋಡಿ 12ರಿಂದ 20 ಕೆಜಿ ಹಿಡಿದರೂ ಒಣಗಿದ್ದು ಸುಮಾರು 2,000ದಿಂದ 3,400 ಟನ್. ಕರ್ನಾಟಕ ಒಂದೇ ಲಕ್ಷಗಟ್ಟಲೆ ಟನ್ ಬೆಳೆಯುವಾಗ ಇಷ್ಟರಿಂದಲೇ ಚನ್ನಗಿರಿಯ ದರ ಕುಸಿಯುವುದಿಲ್ಲ. ಭೂತಾನಿನ ಪರವಾನಗಿ ತೋರಿಸಿ ಬೇರೆ ದೇಶದ ಒಣ ಅಡಿಕೆ ಸಾಗಿಸುವ ಸಾಧ್ಯತೆಯತ್ತ ಕಣ್ಣಿಡಬೇಕೇ ಹೊರತು ಆ 17,000ದ ಸಂಖ್ಯೆಯನ್ನೇ ಹಿಡಿದು ಧರಣಿ ಕೂತರೆ ದೆಹಲಿಯ ಅಧಿಕಾರಿಗಳು ಮೊದಲ ಸಭೆಯಲ್ಲೇ ನಿಮ್ಮ ವಾದ ಮುರಿಯುತ್ತಾರೆ.

ಇನ್ನೊಂದು ಕಹಿ ಮಾತನ್ನೂ ಹೇಳಬೇಕು. ಮಂಡಿಯಲ್ಲಿ ‘ಹೊರಗಿನ ಮಾಲು’ ಅನ್ನುವುದು ದರ ಇಳಿಸಲು ಸಿದ್ಧವಾಗಿರುವ ನೆಪವೂ ಹೌದು. ಚನ್ನಗಿರಿ, ಹೊಳಲ್ಕೆರೆ, ಹೊಸದುರ್ಗದ ಸುತ್ತ ಕಳೆದ ವರ್ಷಗಳಲ್ಲಿ ಎಷ್ಟು ಹೊಸ ತೋಟ ಎದ್ದಿದೆ ಎಂದು ಒಮ್ಮೆ ನೋಡಿ. ಬರುವ ವಿದೇಶಿ ಅಡಿಕೆ ಹೆಚ್ಚಾಗಿ ಒಣ ಬಿಳಿ ಅಡಿಕೆ. ಅದು ಮೊದಲು ಹೊಡೆಯುವುದು ಕರಾವಳಿಯ ಬಿಳಿ ಅಡಿಕೆಯಾದ ಚಾಲಿಗೆ. ರಾಶಿ, ಬೆಟ್ಟೆಯಂಥ ಕೆಂಪಡಿಕೆಗೆ ಏಟು ಬೀಳುವುದು ಬೆರಕೆಯಿಂದ, ಅಂದರೆ ಪುಡಿ ಮಾಡುವವರು ಕೆಂಪಡಿಕೆಯ ಪಾಲು ಇಳಿಸಿ ಅಗ್ಗದ್ದನ್ನು ಸೇರಿಸಿದಾಗ. ಇದು ಬರೀ ವಿವರಣೆ ಅಲ್ಲ. ಮುಂದೆ ಹೇಳುವ ಕೆಲವು ಕಾನೂನು ಪರಿಹಾರಗಳಲ್ಲಿ ನಷ್ಟಕ್ಕೆ ಆಮದೇ ಕಾರಣ, ಬೇರೆ ಕಾರಣ ಅಲ್ಲ ಎಂದು ನೀವೇ ತೋರಿಸಬೇಕಾಗುತ್ತದೆ.

ಈಗ ಜಿನೀವಾದ ಕೋರ್ಟು

ಡಬ್ಲ್ಯುಟಿಒ ಹುಟ್ಟಿದ್ದು 1995ರ ಜನವರಿ 1ರಂದು, ಈಗ ಅದರಲ್ಲಿ 166 ಸದಸ್ಯರಿದ್ದಾರೆ. ಒಂದು ದೇಶ ಇನ್ನೊಂದರ ಮೇಲೆ ದೂರು ಕೊಟ್ಟರೆ ಮೊದಲು 60 ದಿನ ಮಾತುಕತೆ. ಬಗೆಹರಿಯದಿದ್ದರೆ ಮೂವರ ಸಮಿತಿ ವಿಚಾರಣೆ ಮಾಡಿ ವರದಿ ಕೊಡುತ್ತದೆ. ಅದರ ಮೇಲೆ ಏಳು ಸದಸ್ಯರ ಮೇಲ್ಮನವಿ ಮಂಡಳಿ, ಪ್ರತಿ ಪ್ರಕರಣಕ್ಕೆ ಅವರಲ್ಲಿ ಮೂವರು ಕೂರಬೇಕು. ಸೋತ ದೇಶಕ್ಕೆ ತೀರ್ಪು ಜಾರಿ ಮಾಡಲು ಸಮಯ, ಹೆಚ್ಚೆಂದರೆ 15 ತಿಂಗಳು ಅನ್ನುವುದು ವಾಡಿಕೆ. ಜಾರಿ ಮಾಡದಿದ್ದರೆ ಗೆದ್ದ ದೇಶ ಅನುಮತಿ ಪಡೆದು ಸೋತ ದೇಶದ ಸರಕಿನ ಮೇಲೆ ಸುಂಕ ಹೇರಬಹುದು. ಕಾಗದದ ಮೇಲೆ ಇಷ್ಟು ಚೆಂದದ ವ್ಯವಸ್ಥೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಬೇರೆ ಇರಲಿಲ್ಲ.

ಕೆಟ್ಟದ್ದು ಮೇಲ್ಮನವಿ ಮಂಡಳಿಯ ನೇಮಕಾತಿಯಲ್ಲಿ. ಸದಸ್ಯರ ಅವಧಿ ನಾಲ್ಕು ವರ್ಷ. ಹೊಸಬರನ್ನು ನೇಮಿಸಲು ಎಲ್ಲ ದೇಶಗಳ ಒಪ್ಪಿಗೆ ಬೇಕು, ಒಂದು ದೇಶ ಬೇಡ ಅಂದರೂ ಸಾಕು. ಮಂಡಳಿ ತನ್ನ ಅಧಿಕಾರ ಮೀರುತ್ತಿದೆ, 90 ದಿನದ ಗಡುವು ಪಾಲಿಸುತ್ತಿಲ್ಲ ಅನ್ನುವ ತಕರಾರಿನಿಂದ ಅಮೆರಿಕ 2016ರಲ್ಲಿ ಒಬ್ಬರ ಮರುನೇಮಕ ತಡೆಯಿತು. ಆಮೇಲೆ ಎಲ್ಲ ನೇಮಕವನ್ನೂ ತಡೆಯಿತು. ಅಲ್ಲಿ ಅಧ್ಯಕ್ಷರು ಬದಲಾದರು, ಈ ನಿಲುವು ಬದಲಾಗಲಿಲ್ಲ. 2019ರ ಡಿಸೆಂಬರ್ 11ಕ್ಕೆ ಮಂಡಳಿಯಲ್ಲಿ ಒಬ್ಬರೇ ಉಳಿದರು, 2020ರ ನವೆಂಬರ್ 30ಕ್ಕೆ ಅವರ ಅವಧಿಯೂ ಮುಗಿಯಿತು.

ಹಾಗಾದರೆ ಕೋರ್ಟು ಮುಚ್ಚಿತೇ? ಕೆಳಗಿನ ಸಮಿತಿಗಳು ಈಗಲೂ ಕೂರುತ್ತವೆ, ವರದಿ ಕೊಡುತ್ತವೆ. ಆದರೆ ಮೇಲ್ಮನವಿ ಮುಗಿಯುವವರೆಗೆ ವರದಿ ಅಂಗೀಕಾರವಾಗುವಂತಿಲ್ಲ ಅನ್ನುವುದು ನಿಯಮ. ತಾಲ್ಲೂಕು ಕೋರ್ಟಿನಲ್ಲಿ ಡಿಕ್ರಿ ಆಗಿ, ಸೋತವನು ನ್ಯಾಯಾಧೀಶರೇ ಇಲ್ಲದ ಮೇಲಿನ ಕೋರ್ಟಿಗೆ ಅಪೀಲು ಹಾಕಿ ಮನೆಗೆ ಹೋದಂತೆ. ಅಪೀಲು ಬಾಕಿ, ಆದ್ದರಿಂದ ಡಿಕ್ರಿಯೂ ಬಾಕಿ, ಎಷ್ಟು ವರ್ಷವಾದರೂ. ಇಂಡೊನೇಷ್ಯಾ ನಿಕ್ಕಲ್ ಅದಿರಿನ ಪ್ರಕರಣದಲ್ಲಿ 2022ರ ಡಿಸೆಂಬರ್‌ನಲ್ಲಿ ಹೀಗೇ ಮಾಡಿತು. ಉಕ್ಕಿನ ಸುಂಕದ ಪ್ರಕರಣಗಳಲ್ಲಿ 2023ರ ಜನವರಿಯಲ್ಲಿ ಅಮೆರಿಕವೂ ಇದನ್ನೇ ಮಾಡಿತು.

ನಾವೂ ಮಾಡಿದ್ದೇವೆ. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಹೂಡಿದ ಸಕ್ಕರೆ ಸಬ್ಸಿಡಿ ಪ್ರಕರಣದಲ್ಲಿ 2021ರ ಡಿಸೆಂಬರ್‌ನಲ್ಲಿ ಭಾರತದ ವಿರುದ್ಧ ವರದಿ ಬಂತು, ಅದರ ಬೆನ್ನಿಗೇ ಭಾರತ ಮೇಲ್ಮನವಿ ಸಲ್ಲಿಸಿತು. ಕಬ್ಬು ಬೆಳೆಗಾರನಿಗೆ ಸಿಗಬೇಕಾದ ಎಫ್‌ಆರ್‌ಪಿ (ಕೇಂದ್ರ ಸರ್ಕಾರ ನಿಗದಿಪಡಿಸುವ ನ್ಯಾಯಯುತ ಬೆಲೆ) ದರವೂ ಆ ಪ್ರಕರಣದಲ್ಲಿ ವಿಚಾರಣೆಗೆ ಒಳಗಾಗಿತ್ತು. ಮಂಡಳಿ ಇಲ್ಲದಿರುವುದರಿಂದ ದಾವಣಗೆರೆ ಜಿಲ್ಲೆಯ ಕಬ್ಬು ಬೆಳೆಗಾರರಿಗೆ ಸದ್ಯ ತೊಂದರೆ ಆಗಿಲ್ಲ, ಉಪಕಾರವೇ ಆಗಿದೆ. ಕೋರ್ಟು ಸತ್ತಿದೆ ಎಂದು ಅಡಿಕೆಯವರು ಅಳುವಾಗ ಕಬ್ಬಿನವರು ನಿಟ್ಟುಸಿರು ಬಿಡುತ್ತಿದ್ದಾರೆ ಅನ್ನುವುದನ್ನು ಮರೆಯಬಾರದು.

ಕೋರ್ಟು ಪೂರ್ತಿ ಆರೋಗ್ಯವಾಗಿದ್ದ ಕಾಲದಲ್ಲೂ ವಸೂಲಿ ಸುಲಭವಿರಲಿಲ್ಲ. ಆ್ಯಂಟಿಗುವಾ ಎಂಬ ಪುಟ್ಟ ದ್ವೀಪದೇಶ ಆನ್‌ಲೈನ್ ಜೂಜಿನ ವಿವಾದದಲ್ಲಿ ಅಮೆರಿಕವನ್ನು ಸೋಲಿಸಿತು. 2007ರಲ್ಲಿ ವರ್ಷಕ್ಕೆ 2.1 ಕೋಟಿ ಡಾಲರ್ ಮಟ್ಟದ ಪ್ರತೀಕಾರಕ್ಕೆ ಅನುಮತಿಯೂ ಸಿಕ್ಕಿತು. ಅಮೆರಿಕದ ಸರಕಿನ ಮೇಲೆ ಸುಂಕ ಹೇರಿದರೆ ಆ್ಯಂಟಿಗುವಾದ ಜನರೇ ದುಬಾರಿ ಕೊಳ್ಳಬೇಕು, ಅಮೆರಿಕಕ್ಕೆ ಚಿವುಟಿದಂತೆಯೂ ಆಗದು. ಬ್ರೆಜಿಲ್ ದೊಡ್ಡ ದೇಶವಾದ್ದರಿಂದ ಹತ್ತಿ ಸಬ್ಸಿಡಿ ಪ್ರಕರಣದಲ್ಲಿ ಅಮೆರಿಕದಿಂದ 2010ರ ಒಪ್ಪಂದದಂತೆ ವರ್ಷಕ್ಕೆ 14.73 ಕೋಟಿ ಡಾಲರ್, 2014ರ ರಾಜಿಯಲ್ಲಿ ಇನ್ನೂ 30 ಕೋಟಿ ಡಾಲರ್ ಪಡೆಯಿತು. ಅಂಥದ್ದು ಅಪರೂಪ. ನೀವು ಕೇಳಿದ ‘ಎರಡು ವರ್ಷದ ನಷ್ಟ’ ಇಲ್ಲಿ ಸಿಗುವುದಿಲ್ಲ. ಡಬ್ಲ್ಯುಟಿಒ ತೀರ್ಪು ಮುಂದಿನದನ್ನು ಸರಿಪಡಿಸಲು ಹೇಳುತ್ತದೆ, ಹಿಂದಿನದಕ್ಕೆ ಪರಿಹಾರ ಕೊಡಿಸುವ ಪದ್ಧತಿ ಅಲ್ಲಿಲ್ಲ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಅಡಿಕೆ ವಿಷಯ ಹಿಡಿದು ಜಿನೀವಾಕ್ಕೆ ಹೋದರೆ ಎದುರು ಪಕ್ಷ ಮೊದಲು ಬೆರಳು ತೋರಿಸುವುದು ನಮ್ಮ 351ರ ಕಡೆಗೇ. ಡಬ್ಲ್ಯುಟಿಒ ಕೃಷಿ ಒಪ್ಪಂದದ 4.2ನೇ ವಿಧಿಯ ಅಡಿಟಿಪ್ಪಣಿಯಲ್ಲಿ, ಸದಸ್ಯ ದೇಶಗಳು ಇಟ್ಟುಕೊಳ್ಳಬಾರದ ಕ್ರಮಗಳ ಪಟ್ಟಿಯಲ್ಲಿ, ‘ಕನಿಷ್ಠ ಆಮದು ದರ’ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಅದಕ್ಕೂ ಮುಂಚೆ, 1978ರಲ್ಲೇ, ಯುರೋಪಿನ ಟೊಮೆಟೊ ಸಾರದ ಮೇಲಿನ ಕನಿಷ್ಠ ಆಮದು ದರವನ್ನು ಡಬ್ಲ್ಯುಟಿಒಗೆ ಮುಂಚಿನ ಗ್ಯಾಟ್ ಒಪ್ಪಂದದ ಸಮಿತಿ ನಿಯಮಬಾಹಿರ ಎಂದಿತ್ತು. ನಮ್ಮ ಕನಿಷ್ಠ ದರ ಇಷ್ಟು ವರ್ಷ ಉಳಿದಿರುವುದು ಯಾರೂ ಅದನ್ನು ಪ್ರಶ್ನಿಸಿ ಪ್ರಕರಣ ಹೂಡದೆ ಇರುವುದರಿಂದ. ಅಲ್ಲದೆ ಶ್ರೀಲಂಕಾ ಸರ್ಕಾರ ಯಾವ ನಿಯಮ ಮುರಿದಿದೆ ಎಂದು ದೂರು ಕೊಡುವುದು? ಮೋಸ ಮಾಡಿದವರು ಖಾಸಗಿ ವ್ಯಾಪಾರಿಗಳು, ಅವರಲ್ಲಿ ನಮ್ಮವರೂ ಇದ್ದಾರೆ. ಹಾಗಾಗಿ ಈ ದಾರಿಯನ್ನು ನಿಮ್ಮ ಮನವಿಯಿಂದ ಕೈಬಿಡುವುದು ಒಳ್ಳೆಯದು.

ಹೊರಬರುವ ಮಾತೂ ಹೀಗೆಯೇ. ಆರು ತಿಂಗಳ ಸೂಚನೆ ಕೊಟ್ಟು ಯಾವ ದೇಶ ಬೇಕಾದರೂ ಡಬ್ಲ್ಯುಟಿಒ ಬಿಡಬಹುದು. ಆದರೆ ಶ್ರೀಲಂಕಾ ಒಪ್ಪಂದ, ಸಾಫ್ಟಾ, ಭೂತಾನ್ ಒಪ್ಪಂದ ಬೇರೆ ಬೇರೆ ಕಾಗದಗಳು, ಅವು ಹಾಗೇ ಉಳಿಯುತ್ತವೆ. ಅಡಿಕೆ ಬರುವ ಬಾಗಿಲು ತೆರೆದೇ ಇರುತ್ತದೆ. ನಮ್ಮ ಅಕ್ಕಿ, ಬಟ್ಟೆ, ಔಷಧಿಗೆ ಮಾತ್ರ 165 ದೇಶಗಳಲ್ಲಿ ಇದ್ದ ರಕ್ಷಣೆ ಹೋಗುತ್ತದೆ.

ಹಾಗಾದರೆ ಏನು ಕೇಳಬಹುದು?

ಸುಂಕ ಏರಿಸಿ ಅನ್ನುವುದು ಎಲ್ಲರ ಮೊದಲ ಬೇಡಿಕೆ. ಅಡಿಕೆಗೆ ಭಾರತ ಡಬ್ಲ್ಯುಟಿಒದಲ್ಲಿ ಒಪ್ಪಿಕೊಂಡ ಗರಿಷ್ಠ ಮಿತಿ ಶೇ 100, ಈಗ ಹಾಕುತ್ತಿರುವುದೂ ಶೇ 100. ಮೇಲೆ ಏರಿಸಲು ಜಾಗವಿಲ್ಲ. ಮಿತಿ ಬದಲಿಸಬೇಕೆಂದರೆ ಬೇರೆ ಸರಕಿನಲ್ಲಿ ರಿಯಾಯಿತಿ ಕೊಟ್ಟು ಮಾತುಕತೆ ನಡೆಸಬೇಕು. (ಚಳ್ಳಕೆರೆಯ ಎಣ್ಣೆ ಗಿರಣಿಯವರಿಗೆ ಈ ಕಥೆ ಗೊತ್ತಿರುತ್ತದೆ. ತಾಳೆ ಎಣ್ಣೆಗೆ ಮಿತಿ ಶೇ 300, ಸೋಯಾ ಎಣ್ಣೆಗೆ ಬರೀ ಶೇ 45ಕ್ಕೆ ಒಪ್ಪಿದ್ದೇವೆ.) ಸುಂಕವೇ ಕಟ್ಟದೆ ಬರುವ ಮಾಲಿಗೆ ಸುಂಕ ಏರಿಸಿ ಪ್ರಯೋಜನವೂ ಇಲ್ಲ. ವಂಚನೆಯ ಲಾಭ ಹೆಚ್ಚುತ್ತದೆ, ಅಷ್ಟೇ.

ಆ್ಯಂಟಿ ಡಂಪಿಂಗ್ ಸುಂಕ, ಅಂದರೆ ತಮ್ಮ ದೇಶದ ಬೆಲೆಗಿಂತ ಅಗ್ಗಕ್ಕೆ ಇಲ್ಲಿ ತಂದು ಸುರಿಯುವ ಸರಕಿನ ಮೇಲಿನ ಸುಂಕ, ಕೇಳುವ ಹಕ್ಕು ಬೆಳೆಗಾರರಿಗೆ ನೇರವಾಗಿ ಇದೆ. ದೆಹಲಿಯ ವ್ಯಾಪಾರ ಪರಿಹಾರ ಮಹಾನಿರ್ದೇಶನಾಲಯಕ್ಕೆ ಅರ್ಜಿ ಹಾಕಬೇಕು. ಅರ್ಜಿಯನ್ನು ಬೆಂಬಲಿಸುವ ಉತ್ಪಾದಕರ ಪಾಲು ದೇಶದ ಒಟ್ಟು ಉತ್ಪಾದನೆಯ ಶೇ 25ಕ್ಕಿಂತ ಕಡಿಮೆ ಇರಬಾರದು. ವಿಚಾರಣಾ ಅವಧಿ ಮತ್ತು ಅದರ ಹಿಂದಿನ ಮೂರು ವರ್ಷದ ಉತ್ಪಾದನೆ, ವೆಚ್ಚ, ಮಾರಾಟದ ಅಂಕಿಅಂಶ ಬೇಕು. ತನಿಖೆಗೆ 12 ತಿಂಗಳು, ಹೆಚ್ಚೆಂದರೆ 18. ಲಕ್ಷಾಂತರ ಸಣ್ಣ ಬೆಳೆಗಾರರಿರುವಲ್ಲಿ ತುಮ್ಕೋಸ್‌ನಂಥ ಮಾರಾಟ ಸಹಕಾರ ಸಂಘಗಳು ಒಟ್ಟಾಗದೆ ಆ ಶೇ 25 ಕೂಡಿಬರುವುದಿಲ್ಲ. ಇಷ್ಟೆಲ್ಲ ಮಾಡಿ ಗೆದ್ದರೂ ಸುಂಕ ಬೀಳುವುದು ‘ಇಂಡೊನೇಷ್ಯಾ ಅಡಿಕೆ’ ಎಂದು ಬರೆದುಕೊಂಡು ಬರುವ ಮಾಲಿನ ಮೇಲೆ. ಅದು ಶ್ರೀಲಂಕಾದ ಹೆಸರಲ್ಲಿ ಬಂದರೆ ಮತ್ತೆ ಮೊದಲಿನ ಕಥೆಯೇ. ನನ್ನ ಅಭಿಪ್ರಾಯದಲ್ಲಿ ಅಡಿಕೆಗೆ ಇದು ಹಣ ಮತ್ತು ಸಮಯದ ವ್ಯರ್ಥ.

ಆಮದು ದಿಢೀರ್ ಏರಿದಾಗ ತಾನಾಗಿ ಸುಂಕ ಏರಿಸುವ ವಿಶೇಷ ಕೃಷಿ ರಕ್ಷಣಾ ಕ್ರಮ ಡಬ್ಲ್ಯುಟಿಒದ 39 ಸದಸ್ಯರಿಗೆ ಇದೆ, ಭಾರತಕ್ಕಿಲ್ಲ. ಅಭಿವೃದ್ಧಿಶೀಲ ದೇಶಗಳಿಗೂ ಅಂಥದ್ದು ಬೇಕೆಂಬ ಬೇಡಿಕೆ ಮೇಲೆಯೇ 2008ರ ಜುಲೈನ ಜಿನೀವಾ ಮಾತುಕತೆ ಮುರಿದುಬಿತ್ತು. 2015ರಲ್ಲಿ ನೈರೋಬಿಯಲ್ಲಿ ‘ಮಾತುಕತೆ ಮುಂದುವರಿಸೋಣ’ ಅಂದರು. ಇದನ್ನು ನಂಬಿ ಕೂರಬೇಡಿ.

ನನಗೆ ಕೆಲಸಕ್ಕೆ ಬರುವಂತೆ ಕಾಣುವುದು ವಾರ್ಷಿಕ ಕೋಟಾ. ಶ್ರೀಲಂಕಾದಿಂದ ಸುಂಕವಿಲ್ಲದೆ ಬರುವ ಕಾಳುಮೆಣಸಿಗೆ ವರ್ಷಕ್ಕೆ 2,500 ಟನ್ ಮಿತಿ ಇದೆ. ಅದೇ ಒಪ್ಪಂದದಲ್ಲಿ ಚಹಾಕ್ಕೂ ಕೋಟಾ ಇದೆ. ಅಡಿಕೆಗೂ ಹಾಗೇ ಹಾಕಿ, ಶ್ರೀಲಂಕಾ ನಿಜವಾಗಿ ಬೆಳೆಯುವುದರಲ್ಲಿ ರಫ್ತಿಗೆ ಉಳಿಯುವಷ್ಟಕ್ಕೆ ಸೀಮಿತಗೊಳಿಸಿ ಎಂದು ಕೇಳಬಹುದು. ಪ್ರತಿ ಚೀಲದ ಮೂಲ ಹುಡುಕುವ ತಾಪತ್ರಯ ತಪ್ಪುತ್ತದೆ, ವಂಚನೆ ನಡೆದರೂ ಕೋಟಾದೊಳಗೇ ನಿಲ್ಲುತ್ತದೆ. ತೊಡಕೆಂದರೆ ಇದು ಇಬ್ಬರೂ ಒಪ್ಪಿ ಮಾಡಬೇಕಾದ ತಿದ್ದುಪಡಿ. ಶ್ರೀಲಂಕಾ ಬದಲಿಗೆ ಏನಾದರೂ ಕೇಳುತ್ತದೆ, ಅದು ಇನ್ನೊಬ್ಬ ಭಾರತೀಯ ರೈತನದ್ದೋ ಕಾರ್ಖಾನೆಯದ್ದೋ ಆಗಿರುತ್ತದೆ.

ಎರಡನೆಯದು ಈಗಾಗಲೇ ಇರುವ ಕಾನೂನನ್ನು ಬಿಗಿಯಾಗಿ ಬಳಸಿ ಅನ್ನುವುದು. 2020ರಲ್ಲಿ ಕಸ್ಟಮ್ಸ್ ಕಾಯ್ದೆಗೆ 28ಡಿಎ ಎಂಬ ಹೊಸ ಕಲಂ ಸೇರಿತು, ಅದೇ ವರ್ಷ ಸೆಪ್ಟೆಂಬರ್ 21ರಿಂದ ‘ಕ್ಯಾರೋಟಾರ್’ ನಿಯಮಗಳು ಬಂದವು. ಇದರಂತೆ ಮೂಲ ಪ್ರಮಾಣಪತ್ರ ತೋರಿಸಿದರಷ್ಟೇ ಸಾಲದು. ಸರಕು ಆ ದೇಶದ್ದು ಹೇಗೆ ಎಂಬ ವಿವರವನ್ನು ಆಮದುದಾರ ನಮೂನೆ 1ರಲ್ಲಿ ಮೊದಲೇ ಬರೆದು ಐದು ವರ್ಷ ಇಟ್ಟುಕೊಂಡಿರಬೇಕು, ಕೇಳಿದರೆ 10 ಕೆಲಸದ ದಿನದೊಳಗೆ ಕೊಡಬೇಕು. ಅನುಮಾನ ಉಳಿದರೆ ಆ ದೇಶದ ಇಲಾಖೆಗೆ ಪರಿಶೀಲನೆಗೆ ಬರೆಯಬಹುದು. ಉತ್ತರ ಬರುವವರೆಗೆ ಪೂರ್ತಿ ಸುಂಕಕ್ಕೂ ರಿಯಾಯಿತಿ ಸುಂಕಕ್ಕೂ ಇರುವ ವ್ಯತ್ಯಾಸದಷ್ಟು ಭದ್ರತೆ ಇಟ್ಟುಕೊಂಡೇ ಮಾಲು ಬಿಡಬೇಕು. ಅಡಿಕೆಯಲ್ಲಿ ಆ ಭದ್ರತೆ ಸರಕಿನ ಬೆಲೆಯಷ್ಟೇ ಆಗುತ್ತದೆ. ಸುಳ್ಳು ವ್ಯಾಪಾರಿಗೆ ಅಲ್ಲೇ ಉಸಿರು ಕಟ್ಟುತ್ತದೆ. ‘ರಿಯಾಯಿತಿ ಸುಂಕದಲ್ಲಿ ಬರುವ ಪ್ರತಿ ಅಡಿಕೆ ಕಂಟೈನರ್‌ಗೂ ಈ ಪರಿಶೀಲನೆ ಕಡ್ಡಾಯ ಮಾಡಿ’ ಎನ್ನುವುದು ಕಾನೂನು ತಿದ್ದದೆ, ಬರೀ ಸೂಚನೆಯಿಂದ ಈಡೇರುವ ಬೇಡಿಕೆ. ಎರಡೂ ದೇಶದ ಕಸ್ಟಮ್ಸ್ ರಫ್ತು ದಾಖಲೆಯನ್ನು ಗಣಕದಲ್ಲೇ ಹಂಚಿಕೊಳ್ಳುವಂತೆ ಕೇಳುವುದೂ ಇದಕ್ಕೆ ಸೇರುತ್ತದೆ.

ಮೂರನೆಯ ಬೇಡಿಕೆಯೊಂದು ಕೆಲವು ಸಭೆಗಳಲ್ಲಿ ಕೇಳಿಬರುತ್ತದೆ, ಅದರ ಬಗ್ಗೆ ಎಚ್ಚರ. ದೇಶದೊಳಗಿನ ಗೋದಾಮಿನಲ್ಲಿ ಹಿಡಿದ ಅಡಿಕೆ ಪ್ರಕರಣಗಳು ನ್ಯಾಯಮಂಡಳಿಯಲ್ಲಿ ಬೀಳಲು ದೊಡ್ಡ ಕಾರಣ ಕಸ್ಟಮ್ಸ್ ಕಾಯ್ದೆಯ 123ನೇ ಕಲಂ. ಚಿನ್ನ, ಕೈಗಡಿಯಾರದಂಥ ವಸ್ತುವಾದರೆ ಅದು ಕಳ್ಳಮಾಲಲ್ಲ ಎಂದು ಇಟ್ಟುಕೊಂಡವನೇ ಸಾಬೀತು ಮಾಡಬೇಕು. ಅಡಿಕೆ ಆ ಪಟ್ಟಿಯಲ್ಲಿಲ್ಲ, ಹಾಗಾಗಿ ಇಲಾಖೆಯೇ ಸಾಬೀತು ಮಾಡಬೇಕು. ಕತ್ತರಿಸಿದ ಅಡಿಕೆ ನೋಡಿ ಇದು ಇಂಥ ದೇಶದ್ದು ಎಂದು ಕೊಟ್ಟ ಪರೀಕ್ಷಾ ವರದಿಗಳನ್ನು ನ್ಯಾಯಮಂಡಳಿ ಒಪ್ಪದ ಉದಾಹರಣೆಗಳಿವೆ. ಅಡಿಕೆಯನ್ನೂ 123ರ ಪಟ್ಟಿಗೆ ಸೇರಿಸಿದರೆ ಇಲಾಖೆಗೆ ಅನುಕೂಲ, ನಿಜ. ಆದರೆ ಆ ದಿನದಿಂದ ಭೀಮಸಮುದ್ರದ ವ್ಯಾಪಾರಿಯ ಗೋದಾಮು, ನಿಮ್ಮ ಅಟ್ಟದ ಮೇಲೆ ಒಳ್ಳೆ ದರಕ್ಕೆ ಕಾದಿಟ್ಟ ಚೀಲ, ಟೆಂಪೊದಲ್ಲಿ ಸಾಗುವ ಮಾಲು, ಎಲ್ಲಕ್ಕೂ ‘ಇದು ನಮ್ಮ ತೋಟದ್ದು’ ಎಂಬ ಕಾಗದ ಬೇಕು. ಬಿಲ್ಲಿಲ್ಲದೆ ಎಷ್ಟು ಅಡಿಕೆ ಕೈ ಬದಲಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. ಕಳ್ಳಮಾಲು ದೇಶದೊಳಗೆ ಬಂದ ಮೇಲೆ ಸುಲಭವಾಗಿ ‘ಲೋಕಲ್’ ಆಗುವುದೂ ಈ ಬಿಲ್ಲಿಲ್ಲದ ವಹಿವಾಟಿನಿಂದಲೇ. ಸಂಘದ ಮೂಲಕ ಬಿಲ್ಲು ಹಾಕಿಸಿ ಮಾರುವ ಅಭ್ಯಾಸ ಮೊದಲು ಬರಲಿ, ಆಮೇಲೆ ಈ ಬೇಡಿಕೆ.

ಗುಣಮಟ್ಟದ ಹೆಸರಿನಲ್ಲಿ ತಡೆಯಿರಿ ಅನ್ನುವವರಿಗೂ ಇದೇ ಮಾತು. ತೇವಾಂಶ, ಶಿಲೀಂಧ್ರದ ಮಿತಿಯನ್ನು ಆಮದಿಗೆ ಒಂದು, ನಮಗೊಂದು ಎಂದು ಇಡುವಂತಿಲ್ಲ. ಡಬ್ಲ್ಯುಎಚ್‌ಒದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿರುವಾಗ ಆರೋಗ್ಯದ ವಾದ ಎತ್ತಿದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಯೋಚಿಸಿ.

ಜಿನೀವಾದ ಸುಧಾರಣೆ ಬಗ್ಗೆಯೂ ನಾಲ್ಕು ಮಾತು. ಎಲ್ಲರಿಗೂ ಲಭ್ಯವಾದ, ಪೂರ್ಣ ಕೆಲಸ ಮಾಡುವ ವಿವಾದ ವ್ಯವಸ್ಥೆಯನ್ನು 2024ರೊಳಗೆ ತರುತ್ತೇವೆ ಎಂದು 2022ರ ಜೂನ್‌ನಲ್ಲಿ ಸಚಿವರೆಲ್ಲ ಒಪ್ಪಿದ್ದರು, 2024ರಲ್ಲಿ ಅಬುಧಾಬಿಯಲ್ಲಿ ಅದನ್ನೇ ಮತ್ತೆ ಹೇಳಿದರು. ಆಗಲಿಲ್ಲ. ಯುರೋಪ್, ಚೀನಾ, ಬ್ರೆಜಿಲ್ ಮುಂತಾದವರು 2020ರಿಂದ ತಮ್ಮತಮ್ಮಲ್ಲೇ ಮಧ್ಯಸ್ಥಿಕೆಯ ಮೇಲ್ಮನವಿ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಭಾರತ ಸೇರಿಲ್ಲ, ಹಳೆಯ ಮಂಡಳಿಯನ್ನೇ ಮರಳಿ ತನ್ನಿ ಅನ್ನುವುದು ನಮ್ಮ ನಿಲುವು. ಸೇರಿದರೆ ಸಕ್ಕರೆಯಂಥ ಪ್ರಕರಣದಲ್ಲಿ ಸೋಲನ್ನು ಜಾರಿ ಮಾಡಬೇಕಾಗುತ್ತದೆ, ಸೇರದಿದ್ದರೆ ನಾವು ಗೆದ್ದದ್ದೂ ಕೈಗೆ ಬರುವುದಿಲ್ಲ. ನೇಮಕಾತಿಯನ್ನು ಬಹುಮತದಿಂದ ಮಾಡಿ ಎಂಬ ಸಲಹೆಯೂ ಇದೆ. ಮತ ಹಾಕುವ ಅವಕಾಶ ಒಪ್ಪಂದದಲ್ಲಿ ಇದ್ದರೂ ಅಮೆರಿಕವನ್ನು ಹಾಗೆ ಸೋಲಿಸಿದರೆ ಅದು ಎದ್ದುಹೋಗಬಹುದು ಎಂಬ ಭಯಕ್ಕೆ ಯಾರೂ ಬಳಸಿಲ್ಲ. ಸದ್ಯಕ್ಕೆ ನಡೆಯುತ್ತಿರುವುದು ನೇರ ರಾಜಿ. 2023ರಲ್ಲಿ ಭಾರತ, ಅಮೆರಿಕ ತಮ್ಮ ನಡುವಿನ ಏಳು ಪ್ರಕರಣಗಳನ್ನು ಹೀಗೆಯೇ ಮುಗಿಸಿಕೊಂಡವು.

ನಿಮ್ಮ ಸಂಘ ಮನವಿ ಬರೆಯುವಾಗ ‘ವಿದೇಶಿ ಅಡಿಕೆ ನಿಲ್ಲಿಸಿ’ ಎಂದು ಬರೆದರೆ ಅದು ಕಡತಕ್ಕೆ ಸೇರಿ ಮಲಗುತ್ತದೆ. ವಾಣಿಜ್ಯ ಸಚಿವಾಲಯದ ಆಮದು–ರಫ್ತು ದತ್ತಾಂಶ ಜಾಲತಾಣದಲ್ಲಿ 0802 80 10 ಇಡೀ ಅಡಿಕೆ, 0802 80 20 ಹೋಳು, ಇವೆರಡರ ದೇಶವಾರು ತಿಂಗಳ ಅಂಕಿ ತೆಗೆಯಿರಿ. ಮೌಲ್ಯವನ್ನು ತೂಕದಿಂದ ಭಾಗಿಸಿ. ತಿಂಗಳ ಮೇಲೆ ತಿಂಗಳು ಕೆಜಿ ಬೆಲೆ 351ರ ಅಕ್ಕಪಕ್ಕದಲ್ಲೇ ನಿಂತಿದ್ದರೆ ಅದು ಮಾರುಕಟ್ಟೆ ಬೆಲೆ ಅಲ್ಲ, ಬರೆಸಿದ ಬೆಲೆ. ಆಮೇಲೆ ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ಜಾಲತಾಣದಲ್ಲಿ ಇಂಡೊನೇಷ್ಯಾದಿಂದ ಶ್ರೀಲಂಕಾಕ್ಕೆ ಹೋದ ಅಡಿಕೆ ಎಷ್ಟು, ಶ್ರೀಲಂಕಾದಿಂದ ನಮಗೆ ಬಂದದ್ದು ಎಷ್ಟು ನೋಡಿ. ಎರಡೂ ಒಟ್ಟಿಗೇ ಏರಿ ಒಟ್ಟಿಗೇ ಇಳಿದಿದ್ದರೆ ಆ ಒಂದು ಪುಟ ನೂರು ಭಾಷಣಕ್ಕೆ ಸಮ. ಅದರ ಪಕ್ಕದಲ್ಲಿ ರಾಜ್ಯದ ಮಾರುಕಟ್ಟೆ ದರಗಳ ಜಾಲತಾಣವಾದ ಕೃಷಿ ಮಾರಾಟ ವಾಹಿನಿಯಿಂದ ಚನ್ನಗಿರಿ, ಭೀಮಸಮುದ್ರ, ಶಿವಮೊಗ್ಗದ ಅದೇ ತಿಂಗಳುಗಳ ದರ ಹಾಕಿ. ದರ ಬಿದ್ದ ತಿಂಗಳಲ್ಲಿ ಆಮದು ಏರಿಲ್ಲವಾದರೆ ಅದನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಿ, ಇಲ್ಲವಾದರೆ ಎದುರಿನವರೇ ತೋರಿಸುತ್ತಾರೆ.

ನಿರ್ದಿಷ್ಟ ಗೋದಾಮು, ಲಾರಿ, ವ್ಯಾಪಾರಿಯ ಬಗ್ಗೆ ಖಚಿತ ಮಾಹಿತಿ ಇದ್ದರೆ ಅದನ್ನು ಮನವಿಯಲ್ಲಿ ಬರೆಯಬೇಡಿ. ಕಂದಾಯ ಗುಪ್ತಚರ ನಿರ್ದೇಶನಾಲಯಕ್ಕೆ, ಅಂದರೆ ಡಿಆರ್‌ಐಗೆ, ಗುಟ್ಟಾಗಿ ಕೊಡಿ. ಮಾಹಿತಿದಾರರ ಗುರುತು ಬಯಲು ಮಾಡುವುದಿಲ್ಲ, ಪ್ರಕರಣ ನಿಂತರೆ ಶೇ 20ರವರೆಗೆ ಬಹುಮಾನಕ್ಕೂ ಅವಕಾಶವಿದೆ. ವಂಚನೆ ಸಾಬೀತಾದರೆ ಐದು ವರ್ಷ ಹಿಂದಿನ ಸುಂಕವನ್ನೂ ವಸೂಲಿ ಮಾಡಬಹುದು, ಆ ಹಣ ಸರ್ಕಾರದ ಖಜಾನೆಗೆ ಹೋಗುತ್ತದೆ. ಯಾರದೋ ಬಿಲ್ ಆಫ್ ಎಂಟ್ರಿಯ (ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣಾ ಪತ್ರದ) ಫೋಟೊ ಕೈಗೆ ಸಿಕ್ಕಿತೆಂದು ಗುಂಪಿನಲ್ಲಿ ಮಾತ್ರ ಹಾಕಬೇಡಿ. 2022ರಲ್ಲಿ ಸೇರಿಸಿದ 135ಎಎ ಕಲಂ ಪ್ರಕಾರ ಆಮದುದಾರನ ಹೆಸರು, ಸರಕಿನ ಮೌಲ್ಯ, ತೂಕವನ್ನು ಹಾಗೆ ಪ್ರಕಟಿಸುವುದೇ ಅಪರಾಧ. ಆರು ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಬೀಳಬಹುದು.